ಪೂಜೆಯ ಎರಡು ದಿನದ ತೂಕ

ಇಲಿಗೆ ರಾಗಿ ತಿನ್ನಿಸಿ ತೂಕ ನೋಡುವ ಕೆಲಸಕ್ಕೆ ಎಮ್ಮೆಸ್ಸಿ ಯಾಕೆ ಬೇಕು ಎಂದು ಅನಂತಲಕ್ಷ್ಮಮ್ಮ ಮಗಳನ್ನು ಕೇಳದ ದಿನವಿರಲಿಲ್ಲ. ಮಗಳು ವತ್ಸಲಾ ಉತ್ತರ ಕೊಡುವ ಗೋಜಿಗೆ ಹೋಗುತ್ತಿರಲಿಲ್ಲ. ಆರ್‌ಪಿಸಿ ಲೇಔಟಿನ ಮನೆಯಿಂದ ಟಿಫನ್ ಡಬ್ಬಿ ಹಿಡಿದು ಹೊರಟರೆ ಕಾಲು ಗಂಟೆಯಲ್ಲಿ ಪ್ರಯೋಗಾಲಯ ಸೇರುತ್ತಿದ್ದಳು. ಪ್ರಯೋಗಾಲಯ ಅಂದರೆ ಹೆಸರಿಗೆ ದೊಡ್ಡದು, ಇದ್ದದ್ದು ಶೀಟಿನ ಮಾಡಿನ ಮೂರು ಕೋಣೆ. ಒಂದರಲ್ಲಿ ಡಾಕ್ಟರ್ ಲಕ್ಷ್ಮೀಪತಿಯವರು, ಇನ್ನೊಂದರಲ್ಲಿ ಇಲಿಗಳು, ನಡುವಿನದರಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ತೂಕದ ಬ್ಯಾಲೆನ್ಸು ಮತ್ತು ವತ್ಸಲಾ.

ಆದರೆ ಆ ಮೂರು ಕೋಣೆಗೆ ಡೆನ್ಮಾರ್ಕಿನ ಸಂಬಂಧವಿತ್ತು. ಎಪ್ಪತ್ತನಾಲ್ಕರಲ್ಲಿ ಅದೇನು ಸಣ್ಣ ಮಾತೇ! ಒಂದೇ ಚೀಲದ ರಾಗಿ ಇಲ್ಲಿನ ಇಲಿಗೂ ಅಲ್ಲಿನ ಇಲಿಗೂ. ಮೊದಲು ಬರೀ ರಾಗಿ ಹಿಟ್ಟು, ಮೂರನೇ ವಾರದಿಂದ ಮೊಳಕೆ ಕಟ್ಟಿದ ರಾಗಿಯ ಹಿಟ್ಟು. ದಿನಾ ತೂಕ ಬರೆದು ವಾರಕ್ಕೊಮ್ಮೆ ಏರ್‌ಮೇಲಿನಲ್ಲಿ ಅವರಿಗೆ ಕಳಿಸಬೇಕು, ಅವರದ್ದು ನಮಗೆ ಬರಬೇಕು. ಕೊನೆಗೆ ಎರಡನ್ನೂ ಸೇರಿಸಿ ಒಂದೇ ವರದಿ. ತೂಕ ನೋಡದ ದಿನ ಹಾಳೆಯಲ್ಲಿ ಆ ದಿನದ ಮನೆ ಖಾಲಿ ಬಿಟ್ಟು ಕಾರಣ ಬರೆಯಿರಿ ಎಂದು ಅಲ್ಲಿನ ಮುಖ್ಯಸ್ಥ ಡಾಕ್ಟರ್ ಹೋಲ್ಮ್ ಮೊದಲ ಪತ್ರದಲ್ಲೇ ಹೇಳಿದ್ದರು.

ಅದೇ ಪತ್ರದ ಕೊನೆಗೆ ಆ ಮನುಷ್ಯ ಒಂದು ತಮಾಷೆಯನ್ನೂ ಮಾಡಿದ್ದರು. ನಿಮ್ಮಲ್ಲಿ ಇಲಿ ದೇವರ ವಾಹನವಂತೆ, ಪಂಜರದಲ್ಲಿಟ್ಟರೆ ದೇವರು ಸಿಟ್ಟಾಗುವುದಿಲ್ಲವೇ ಅಂತ. ಲಕ್ಷ್ಮೀಪತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ವತ್ಸಲಾಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ನಮ್ಮನ್ನು ಏನೆಂದುಕೊಂಡಿದ್ದಾರೆ ಇವರು ಎಂಬ ಮುಳ್ಳು ಅವತ್ತೇ ಚುಚ್ಚಿಕೊಂಡದ್ದು.

ಆ ವರ್ಷ ಮೊಳಕೆ ರಾಗಿ ಶುರುವಾದ ಮಾರನೇ ದಿನವೇ ಆಯುಧಪೂಜೆ. ಅಟೆಂಡರ್ ಮುನಿಯಣ್ಣ ಬಿನ್ನಿಪೇಟೆಯವನು, ಮೊದಲು ಗಿರಣಿಯಲ್ಲಿ ಮಗ್ಗ ನಡೆಸಿದವನು. ಆಯುಧಪೂಜೆ ಎಂದರೆ ಅವನಿಗೆ ಮನೆಯಲ್ಲಿ ಮದುವೆ ಇದ್ದ ಹಾಗೆ. ಬೆಳಗಾಗುವ ಮೊದಲೇ ಬಂದು ನೆಲ ತೊಳೆದು, ಬಾಗಿಲಿಗೆ ಬಾಳೆಕಂದು ಕಟ್ಟಿ, ಟೈಪ್‌ರೈಟರಿನಿಂದ ಹಿಡಿದು ಡಾಕ್ಟರರ ಸ್ಕೂಟರಿನವರೆಗೆ ಯಾವುದನ್ನೂ ಬಿಡದೆ ವಿಭೂತಿ ಬಳಿದಿದ್ದ. ಲಕ್ಷ್ಮೀಪತಿಯವರು ಪಂಚೆ ಉಟ್ಟು ಬಂದು ಮಂಗಳಾರತಿ ಎತ್ತಿದರು. ವತ್ಸಲಾ ರಂಗೋಲಿ ಹಾಕಿದಳು, ಚೆಂಡುಹೂವಿನ ಹಾರ ಹಾಕಿಸಿಕೊಂಡು ಕೂತಿದ್ದ ಬ್ಯಾಲೆನ್ಸಿನ ಪೆಟ್ಟಿಗೆಗೆ ಭಕ್ತಿಯಿಂದಲೇ ಕುಂಕುಮ ಇಟ್ಟಳು. ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದದ್ದಾಯಿತು, ಎಲ್ಲರಿಗೂ ಕಡ್ಲೆಪುರಿ ಹಂಚಿದ್ದಾಯಿತು.

"ಸಾರ್, ತೂಕ?" ಎಂದು ಆಮೇಲೆ ಕೇಳಿದಳು.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ತಾರೇನಮ್ಮ?" ಮುನಿಯಣ್ಣ ಅಡ್ಡ ಬಂದ. "ವರ್ಷವೆಲ್ಲಾ ದುಡಿಯುತ್ತೆ, ಅದಕ್ಕೂ ಒಂದು ರಜ ಬೇಡ್ವಾ?"

"ಇಲಿ ಎಲ್ಲಿಗೂ ಓಡಿಹೋಗಲ್ಲ ಬಿಡಮ್ಮ" ಎಂದರು ಲಕ್ಷ್ಮೀಪತಿ. ಮಾರನೇ ದಿನ ವಿಜಯದಶಮಿ, ಬಾಗಿಲಿಗೆ ಬೀಗ. ಮುನಿಯಣ್ಣ ಬಂದು ಇಲಿಗಳಿಗೆ ಹಿಟ್ಟು ನೀರು ಇಟ್ಟು ಹೋದ, ಅಷ್ಟೇ.

ರಜೆ ಮುಗಿಸಿ ಬಂದ ವತ್ಸಲಾ ಅವತ್ತಿನ ತೂಕ ಬರೆದಳು. ಎರಡು ದಿನದ ಮನೆಗಳು ಖಾಲಿ ಇದ್ದವು. ಕಾರಣ ಬರೆಯಲೆಂದು ಪೆನ್ನು ಹಿಡಿದಳು. ಏನಂತ ಬರೆಯುವುದು? ತಕ್ಕಡಿಗೆ ಹೂ ಮುಡಿಸಿ ಆರತಿ ಎತ್ತಿದ್ದರಿಂದ ತೂಕ ಹಾಕಲಿಲ್ಲ ಎಂದೇ? ಆ ಹಾಳೆ ಅಲ್ಲಿ ಮೇಜಿನಿಂದ ಮೇಜಿಗೆ ಹೋಗುವುದು, ಅವರು ಓದಿ ಓದಿ ನಗುವುದು, ಎಲ್ಲ ಕಣ್ಣ ಮುಂದೆ ಬಂದು ಅವಳ ಕಿವಿ ಬಿಸಿಯಾಯಿತು. ಪೂಜೆಯ ಹಿಂದಿನ ದಿನದ ತೂಕ ಇತ್ತು, ಇವತ್ತಿನದೂ ಇತ್ತು. ನಡುವೆ ಎಷ್ಟಿದ್ದೀತು ಎಂದು ಅಂದಾಜು ಮಾಡಿ, ಪ್ರತಿ ಇಲಿಗೂ ಒಂದೊಂದು ಅಂಕಿ ತುಂಬಿಬಿಟ್ಟಳು. ಅಲ್ಲೊಂದು ಇಲ್ಲೊಂದು ಹೆಚ್ಚುಕಡಿಮೆ ಮಾಡಿ ನಿಜದಂತೆ ಕಾಣುವ ಹಾಗೂ ನೋಡಿಕೊಂಡಳು. ಬುದ್ಧಿವಂತೆ ನೋಡಿ! ಲಕ್ಷ್ಮೀಪತಿಯವರು ಏನೂ ಕೇಳದೆ ಸಹಿ ಹಾಕಿದರು. ಹಾಳೆ ಡೆನ್ಮಾರ್ಕಿಗೆ ಹೋಯಿತು.

ಫೆಬ್ರುವರಿಯಲ್ಲಿ ಡಾಕ್ಟರ್ ಹೋಲ್ಮ್ ತಾವೇ ಬಂದರು. ಎತ್ತರದ ಆಳು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಎರಡೂ ದೇಶದ ಲೆಕ್ಕ ಸೇರಿಸಿ ಬರೆದ ವರದಿಗೆ ಇಬ್ಬರೂ ಸಹಿ ಹಾಕುವುದೊಂದೇ ಬಾಕಿ. ಮುನಿಯಣ್ಣ ಅವರಿಗೊಂದು ಮಲ್ಲಿಗೆ ಹಾರ ಹಾಕಿದ, ಅವರು ಅದನ್ನು ಕತ್ತಿನಲ್ಲಿ ಹಾಗೇ ಇಟ್ಟುಕೊಂಡು ಕಾಫಿ ಕುಡಿದರು.

"ನಿಮಗೊಂದು ಥ್ಯಾಂಕ್ಸ್ ಹೇಳಬೇಕು, ಮಿಸ್ ವತ್ಸಲಾ" ಎಂದರು. "ಹಿಟ್ಟು ಬದಲಾಯಿಸಿದ ಮೊದಲೆರಡು ದಿನ ನಮ್ಮ ಇಲಿಗಳ ತೂಕ ಇಳಿದು, ಮೂರನೇ ದಿನ ಮತ್ತೆ ಏರಿತ್ತು. ನಿಮ್ಮದರಲ್ಲಿ ಇಳಿತವೇ ಇಲ್ಲ, ಅಷ್ಟು ಚೊಕ್ಕ. ನಮ್ಮ ತೂಕದ ಹುಡುಗಿ ಇಂಗರ್ ಅಜಾಗರೂಕಳು ಅಂತ ಅದರಿಂದಲೇ ಗೊತ್ತಾಯಿತು. ಆ ಎರಡು ದಿನದ ನಮ್ಮ ಅಂಕಿ ಹೊಡೆದುಹಾಕಿ ನಿಮ್ಮದನ್ನೇ ಇಟ್ಟುಕೊಂಡೆ."

ವತ್ಸಲಾ ಕೂಡಲೇ ಕೇಳಿದಳು.

"ಅವರೇನಂದರು?"

"ಇಂಗರ್? ನಾನು ಸರಿಯಾಗೇ ತೂಕ ಹಾಕಿದ್ದೀನಿ ಅಂತ ಹಟ ಹಿಡಿದಳು, ಅತ್ತಳು. ನಾನು ಬೆಂಗಳೂರಿನ ಹಾಳೆ ತೋರಿಸಿದೆ. ಹೊಸ ವರ್ಷ ಆದಮೇಲೆ ಅವಳನ್ನು ಕೆಲಸದಿಂದ ತೆಗೆದೆ." ಹೋಲ್ಮ್ ಬೇಸರದಿಂದಲೇ ಹೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಅಂಕಿ ನಂಬಿದ್ದರು, ಅಷ್ಟೇ.

ವತ್ಸಲಾಳ ಮುಂದೆ ಇಂಗರಳ ಹಾಳೆಗಳನ್ನು ಹರಡಿದರು. ದುಂಡುದುಂಡಾದ ಚಂದದ ಅಂಕಿಗಳು. ಡಿಸೆಂಬರಿನ ಕೊನೆಯಲ್ಲಿ ಒಂದು ದಿನ ಖಾಲಿ ಇತ್ತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು: ಕ್ರಿಸ್ಮಸ್. ಯಾರೂ ಬರಲಿಲ್ಲ. ತೂಕ ಹಾಕಿಲ್ಲ.

ವತ್ಸಲಾ ಅದನ್ನೇ ನೋಡುತ್ತ ಕೂತಳು. ಒಂದು ಕ್ಷಮೆಯ ಮಾತಿಲ್ಲ, ಸಂಕೋಚವಿಲ್ಲ. ಹಬ್ಬ ಇತ್ತು, ಹಬ್ಬ ಮಾಡಿದರು, ಹಾಗೇ ಬರೆದರು. ಇಷ್ಟು ಸುಲಭವಿತ್ತೇ? ನಾಚಿಕೆಯಿಂದ ಅವಳ ಮುಖ ಕತ್ತಿನವರೆಗೂ ಕೆಂಪಾಯಿತು. ಯಾವತ್ತೂ ಕಾಣದ ಊರಿನಲ್ಲಿ ಯಾವುದೋ ಹುಡುಗಿ ಅಳುತ್ತ ಮನೆಗೆ ಹೋಗಿದ್ದಳು, ತಾನಿಲ್ಲಿ ಹೊಗಳಿಸಿಕೊಳ್ಳುತ್ತ ಕೂತಿದ್ದಳು. ಲಕ್ಷ್ಮೀಪತಿಯವರು ಪೆನ್ನಿನ ಮುಚ್ಚಳ ತೆಗೆದು ವರದಿಯನ್ನು ಹತ್ತಿರ ಎಳೆದುಕೊಂಡರು.

"ಸಹಿ ಹಾಕಬೇಡಿ ಸಾರ್" ಎಂದಳು. "ಆ ಎರಡು ದಿನ ನಾವು ತೂಕ ಹಾಕ್ಲೇ ಇಲ್ಲ."

"ಏಯ್, ಈಗ ಯಾಕಮ್ಮ ಅದೆಲ್ಲ?" ಲಕ್ಷ್ಮೀಪತಿಯವರು ಕನ್ನಡದಲ್ಲಿ ಗದರಿದರು. "ಮರ್ಯಾದೆ ಹೋಗುತ್ತೆ. ಸುಮ್ನಿರು."

ಆದರೂ ಹೋಲ್ಮ್ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. ಹಾರ, ಆರತಿ, ಬೀಗ, ತಾನು ಕೂತು ಅಂಕಿ ಕಟ್ಟಿದ್ದು. ಅವರು ನಗುತ್ತಾರೆಂದು ಕಾದಳು. ನಕ್ಕಿದ್ದರೆ ಎಷ್ಟೋ ನೆಮ್ಮದಿಯಿತ್ತು.

ಹೋಲ್ಮ್ ಕತ್ತಿನ ಹಾರ ತೆಗೆದು ಮೇಜಿನ ಮೇಲಿಟ್ಟರು. "ಇಂಗರ್ ಹೇಳಿದ್ದೇ ನಿಜ" ಎಂದರು. ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಅವಳ ಕಡೆ ತಿರುಗಿ, "ಖಾಲಿ ಬಿಡಬಹುದಿತ್ತಲ್ಲ?" ಎಂದು ಕೇಳಿದರು.

"ನಿಮ್ಮದೂ ತಪ್ಪು, ನನ್ನದೂ ತಪ್ಪು. ಅವಳಿಗೆ ನಾನು ಬರೆಯುತ್ತೇನೆ, ನೀವೂ ಬರೆಯಬೇಕು" ಎಂದು ಹೋಲ್ಮ್ ಎದ್ದರು. ವರದಿ ಅವರ ಚೀಲಕ್ಕೆ ವಾಪಸು ಹೋಯಿತು. ಲಕ್ಷ್ಮೀಪತಿಯವರು ಅವಳ ಮುಖವನ್ನೂ ನೋಡದೆ ಅತಿಥಿಯನ್ನು ಕಳಿಸಲು ಹೊರಗೆ ಹೋದರು.

ಕಾಫಿ ಲೋಟ ಎತ್ತಲು ಮುನಿಯಣ್ಣ ಒಳಗೆ ಬಂದ. ಇಂಗ್ಲಿಷ್ ಅವನಿಗೆ ಬಾರದು, ಆದರೆ ಪೂಜೆ ಎಂಬ ಮಾತು ಕಿವಿಗೆ ಬಿದ್ದಿತ್ತು. ಮುಖ ಅರಳಿತ್ತು.

"ನಮ್ಮ ಆಯುಧಪೂಜೆ ವಿಷ್ಯ ಹೇಳ್ತಾ ಇದ್ರಲ್ವಾ? ಏನಂದ್ರು ಸಾಹೇಬ್ರು? ನಕ್ರಾ?"

"ಇಲ್ಲ."

"ಮತ್ತೆ ನೀವ್ಯಾಕಮ್ಮ ಅಳ್ತಾ ಇದೀರಾ?"

ಸುಳ್ಳು ಹೇಳಬಹುದಿತ್ತು. ಇನ್ನೊಂದು ಸುಳ್ಳಿಗೆ ಅವಳಲ್ಲಿ ತ್ರಾಣವಿರಲಿಲ್ಲ. "ಪೂಜೆ ಇತ್ತು, ತೂಕ ಹಾಕ್ಲಿಲ್ಲ ಅಂತ ಬರೀಬೇಕಿತ್ತು ಮುನಿಯಣ್ಣ. ನಾನು ಬರೀಲಿಲ್ಲ. ಹಾಕಿದ್ವಿ ಅಂತ ಸುಳ್ಳು ಬರೆದೆ. ಅದರಿಂದ ಅಲ್ಲೊಬ್ಬಳ ಕೆಲಸ ಹೋಯ್ತು."

ಮುನಿಯಣ್ಣ ಎತ್ತಿದ ಲೋಟವನ್ನು ಮತ್ತೆ ಕೆಳಗಿಟ್ಟ.

"ಯಾಕೆ ಬರೀಲಿಲ್ಲ?"

"ನಾಚಿಕೆ ಆಯ್ತು."

ಅವನು ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡ. ಸಿಟ್ಟು ಮಾಡಿಕೊಳ್ಳುವ ಜಾಯಮಾನದವನಲ್ಲ. ಬಾಗಿಲ ತನಕ ಹೋಗಿ ನಿಂತ.

"ನಮ್ಮನ್ನ ಕಂಡೇನಮ್ಮ ನಾಚಿಕೆ ಆಗಿದ್ದು?" ಎಂದು ಕೇಳಿದ. ಮೆಲ್ಲಗೆ, ತಿಳಿದುಕೊಳ್ಳಲೆಂದೇ ಕೇಳಿದ.

ವತ್ಸಲಾಗೆ ಅಲ್ಲ ಎನ್ನಲಾಗಲಿಲ್ಲ. ಮುನಿಯಣ್ಣ ತಟ್ಟೆ ಹಿಡಿದುಕೊಂಡು ಲೋಟ ತೊಳೆಯಲು ಹಿತ್ತಲಿಗೆ ಹೋದ.