ಬೀಜ ಸುಲಿಯುವ ಯಂತ್ರ

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ತಿಪ್ಪೇರುದ್ರಪ್ಪ ಅಂಗಡಿ ತೆರೆದು ಎಂಟು ವರ್ಷವಾಗಿತ್ತು. ಅಂಗಡಿಯೆಂಬುದು ಹೆಸರಿಗಷ್ಟೆ, ಅಲ್ಲಿ ಮಾರುವ ಸಾಮಾನು ಏನೂ ಇರಲಿಲ್ಲ. ಯಾರ ತಲೆಯಲ್ಲಾದರೂ ಒಂದು ಯಂತ್ರದ ವಿಚಾರ ಹೊಳೆದರೆ ಅವರು ಅಲ್ಲಿಗೆ ಬರುತ್ತಿದ್ದರು. ಅವನು ಕೇಳಿಸಿಕೊಂಡು ನಕ್ಷೆ ಬರೆಯುತ್ತಿದ್ದ. ಬಡಗಿ ಪಾಲಯ್ಯ ನಕ್ಷೆ ನೋಡಿ ಮರದಲ್ಲಿ ನಮೂನೆ ಕೆತ್ತುತ್ತಿದ್ದ. ನಮೂನೆ ಹರಿಹರದ ಫೌಂಡ್ರಿಗೆ ಹೋಗಿ ಕಬ್ಬಿಣದ ಎರಕವಾಗಿ ಬರುತ್ತಿತ್ತು. ಮೊದಲ ಯಂತ್ರ ಸರಿಯಾಗಿ ತಿರುಗಿತೆಂದರೆ ವಿಚಾರ ತಂದವರು ನಮೂನೆಗಳನ್ನು ಒಯ್ದು, ತಮ್ಮ ಹೆಸರು ಹಾಕಿ, ಬೇಕಾದಷ್ಟು ಮಾಡಿಸಿ ಮಾರಿಕೊಳ್ಳುತ್ತಿದ್ದರು.

ಹರಿಹರದ ಕಾರ್ಖಾನೆಯ ಕೆಲಸ ಬಿಟ್ಟು ಬಂದಾಗ ತಿಪ್ಪೇರುದ್ರಪ್ಪನಿಗೆ ಇದ್ದ ಹುರುಪು ಹೇಳತೀರದು. ಈಗ ಐವತ್ತೆರಡು ತುಂಬಿತ್ತು. ಕಬ್ಬಿಣ ಇನ್ನಷ್ಟು ತೆಳ್ಳಗಿರಲಿ, ಎರಡು ಬೋಲ್ಟ್ ಯಾಕೆ ಒಂದೇ ಸಾಕು, ಬಣ್ಣ ಮಾತ್ರ ಚೆನ್ನಾಗಿ ಹೊಡೆಯಿರಿ ಎನ್ನುವವರ ಜೊತೆ ವಾದ ಮಾಡಿ ಮಾಡಿ ಅವನಿಗೆ ಸಾಕಾಗಿ ಹೋಗಿತ್ತು. ಇತ್ತೀಚೆಗೆ ವಾದಿಸುತ್ತಲೂ ಇರಲಿಲ್ಲ.

ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಿಗೆಯಲ್ಲಿ ಎಣ್ಣೆ ಗಿರಣಿಯ ನಾಗರಾಜಪ್ಪ ಬಂದ. ಬಿತ್ತನೆಗೆ ಮುಂಚೆ ಹಳ್ಳಿಯ ಹೆಂಗಸರು ಶೇಂಗಾ ಕಾಯಿಯನ್ನು ಒಂದೊಂದಾಗಿ ಬೆರಳಲ್ಲೇ ಸುಲಿಯುತ್ತಾರೆ. ಹದಿನೈದು ದಿನ ಸುಲಿದರೆ ಹೆಬ್ಬೆರಳು ಬಾತುಕೊಳ್ಳುತ್ತದೆ. ಅದಕ್ಕೊಂದು ಕೈಯಂತ್ರ ಬೇಕು ಎಂದ. ವಿಚಾರ ಒಳ್ಳೆಯದೇ ಆಗಿತ್ತು. ಬಹಳ ದಿನಗಳ ಮೇಲೆ ತಿಪ್ಪೇರುದ್ರಪ್ಪ ಮನಸ್ಸಿಟ್ಟು ಕೂತು ಬರೆದ. ಕೆಳಗೆ ಕಮಾನಿನಂತೆ ಬಗ್ಗಿದ ಜಾಲರಿ, ಮೇಲೆ ಹಿಡಿಕೆ ಆಡಿಸಿದಂತೆ ಹಿಂದೆಮುಂದೆ ತೂಗುವ ಕಬ್ಬಿಣದ ಹಲ್ಲುಗಳು. ನಡುವೆ ಸಿಕ್ಕ ಕಾಯಿ ಒಡೆದು ಬೀಜ ಕೆಳಗೆ ಬೀಳಬೇಕು. ಒಂದೂವರೆ ತಿಂಗಳಲ್ಲಿ ಯಂತ್ರ ತಯಾರಾಯಿತು.

ಪರೀಕ್ಷೆಗೆಂದು ಅದನ್ನು ಹರಿಹರದ ಹತ್ತಿರದ ಸಾರಥಿಗೆ ಒಯ್ದರು. ಅಲ್ಲಿ ಅಂಜಿನವ್ವ ಎಂಬ ಹಿರಿಯಳ ಮನೆಯಂಗಳದಲ್ಲಿ ಹತ್ತಾರು ಹೆಂಗಸರು ಕಾಯಿ ಸುಲಿಯುತ್ತ ಕೂತಿದ್ದರು. ಅವರು ದಿನವಿಡೀ ಸುಲಿಯುವಷ್ಟನ್ನು ಯಂತ್ರ ಒಂದು ತಾಸಿನಲ್ಲಿ ಸುಲಿದು ಗುಡ್ಡೆ ಹಾಕಿತು. ಹೆಂಗಸರು ಬಾಯಿ ಬಿಟ್ಟು ನೋಡಿದರು. ನಾಗರಾಜಪ್ಪನ ಮುಖ ಅರಳಿತು. ಅಂಜಿನವ್ವ ಮಾತ್ರ ಒಂದು ಬೊಗಸೆ ಬೀಜ ತೆಗೆದುಕೊಂಡು ಜಗುಲಿಯ ಮೇಲೆ ಹರವಿ, ಆರಿಸಿ, ಒಂದಷ್ಟನ್ನು ತಿಪ್ಪೇರುದ್ರಪ್ಪನ ಕಡೆ ಸರಿಸಿದಳು.

"ಇವು ಹುಟ್ಟಲ್ಲಪ್ಪಾ."

"ಯಾಕವ್ವಾ? ಇಡೀ ಅದಾವಲ್ಲ?"

"ಇಡೀ ಕಾಣ್ತಾವ. ತುದಿ ನೋಡು, ಮೊಳಕೆ ಬರೋ ಜಾಗ ಜಜ್ಜಿ ಹೋಗೈತೆ. ಇದರದ್ದು ಸಿಪ್ಪೆ ಹರದೈತೆ. ಎಣ್ಣಿಗೆ ಆದೀತು, ಭೂಮಿಗೆ ಬ್ಯಾಡ."

ತಿಪ್ಪೇರುದ್ರಪ್ಪ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಬೀಜ ನೋಡಿದ. ಅವಳು ಹೇಳಿದ್ದು ನಿಜವಾಗಿತ್ತು. ಬೀಜ ಎರಡು ಹೋಳಾಗದಿದ್ದರೆ ಸಾಕು ಅಂದುಕೊಂಡಿದ್ದ. ಅದರ ತುದಿಯಲ್ಲಿ ಜೀವ ಇರುತ್ತದೆ ಅನ್ನುವುದು ಅವನಿಗೆ ಹೊಳೆದಿರಲಿಲ್ಲ.

ಮರಳಿ ಬರುವಾಗ ಅವನು ನಾಗರಾಜಪ್ಪನಿಗೆ ಹೇಳಿದ: "ಸಾವ್ಕಾರ್ರೆ, ಒಂದು ತಿಂಗ್ಳು ಕೊಡ್ರಿ. ಹಲ್ಲಿಗೆ ಮೆತ್ತಂದು ಏನಾರ ಹಾಕಿ ನೋಡ್ತೀನಿ."

"ಒಂದು ತಿಂಗ್ಳಿಗೆ ಮಳೆ ಬಂದಿರ್ತೈತೆ ಮೇಸ್ತ್ರಿ. ಆಮ್ಯಾಲೆ ಯಾರು ತಗಂತಾರೆ? ಯಂತ್ರ ಸುಲಿತೈತೋ ಇಲ್ಲೋ?"

"ಸುಲಿತೈತೆ."

"ಮತ್ತಿನ್ನೇನು? ಇಷ್ಟು ಸಾಕು ಬಿಡ್ರಿ."

"ಹಂಗಾದ್ರೆ ಬಿತ್ತನೆ ಬೀಜಕ್ಕಲ್ಲ ಅಂತ ಹೇಳಿ ಮಾರ್ರಿ."

"ಬಿತ್ತನೆಗಲ್ಲ ಅಂದ್ರೆ ಯಾವನು ಕೊಳ್ತಾನೆ? ಎಣ್ಣಿಗೆ ನನ್ನ ಗಿರಣೀನೇ ಐತೆ."

ಬಸ್ಸು ಹರಿಹರದ ಬಳಿ ಹೊಳೆಯ ದಂಡೆಗುಂಟ ಸಾಗುತ್ತಿತ್ತು. ಬೇಸಿಗೆಯ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ನಮೂನೆ ಕೊಡುವುದಿಲ್ಲ ಎಂದು ತಿಪ್ಪೇರುದ್ರಪ್ಪ ಹೇಳಬಹುದಿತ್ತು. ಹೇಳಿದರೆ ಮತ್ತೆ ವಾದ, ಮತ್ತೆ ಮುನಿಸು, ಮಂಡಿಪೇಟೆಯಲ್ಲಿ ನಾಲ್ಕು ಮಾತು. ಅವನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ.

ಮರುದಿನ ಗಿರಣಿಯ ಆಳು ನಮೂನೆ ಒಯ್ಯಲು ಬಂದಾಗ ಪಾಲಯ್ಯ ಉಳಿ ಕೆಳಗಿಟ್ಟು ಕೇಳಿದ: "ನೀವು ಹೂಂ ಅಂದ್ರ್ಯಾ?"

"ಸಾಕಾಗೈತೆ ಪಾಲಯ್ಯ. ಒಯ್ಲಿ ಬಿಡು."

ಪಾಲಯ್ಯ ನಮೂನೆ ಎತ್ತಿಕೊಡಲು ಏಳಲಿಲ್ಲ, ಮತ್ತೆ ಉಳಿ ಹಿಡಿದ.

ಮಳೆ ಹೊತ್ತಿಗೆ ಸರಿಯಾಗಿ ಬಂತು. ಆರಿದ್ರೆ ಮಳೆ ಇನ್ನೂ ಅರ್ಧ ಇರುವಾಗ ಸಣ್ಣಬೀರಪ್ಪ ಎಂಬ ರೈತ ಅಂಗಡಿ ಹುಡುಕಿಕೊಂಡು ಬಂದ. ಕಾಲಿಗೆ ಮೊಣಕಾಲವರೆಗೆ ಕರಿಮಣ್ಣು. ಅವನು ಕೂಗಾಡಲಿಲ್ಲ. ಹೆಗಲ ಒಲ್ಲಿಯ ತುದಿಯ ಗಂಟು ಬಿಚ್ಚಿ, ಹೊಲದಿಂದ ಅಗೆದು ತಂದ ಕೊಳೆತ ಬೀಜಗಳನ್ನು ನಕ್ಷೆಯ ಮೇಜಿನ ಮೇಲೆ ಸುರಿದ.

"ಯಂತ್ರ ಮಾಡಿದೋರು ನೀವೇ ಅಂತ ಫೌಂಡ್ರ್ಯಾಗೆ ಹೇಳಿದ್ರು. ಬಿತ್ತಿ ಹತ್ತು ದಿನ ಆತ್ರಿ. ಸಾಲಿನಾಗೆ ಅಲ್ಲೊಂದು ಇಲ್ಲೊಂದು ಗಿಡ ಎದ್ದಾವು. ನಾನೇನಾರ ತಪ್ಪು ಮಾಡಿದ್ನಾ? ಹಿಡಿಕೆ ಜೋರಾಗಿ ಆಡ್ಸಿದ್ನಾ?"

ಅವನು ಹಾಗೆ ಕೇಳಿದ್ದು ತಿಪ್ಪೇರುದ್ರಪ್ಪನ ಎದೆಗೆ ನಾಟಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ನಿಂದೇನೂ ತಪ್ಪಿಲ್ಲಪ್ಪ," ಎಂದ. "ತಪ್ಪು ನಂದು. ಇನ್ನೂ ಬಿತ್ತೋಕೆ ಎಷ್ಟು ದಿನ ಐತೆ?"

"ಪುನರ್ವಸು ಮಳೆ ಮುಗಿಯೋತನಕ ಬಿತ್ತಬಹುದ್ರಿ. ಇನ್ನೊಂದು ಮೂರು ವಾರ ಐತೆ."

ಅವತ್ತೇ ಅವನು ಅಂಗಡಿಯಲ್ಲಿದ್ದ ಮೊದಲ ಯಂತ್ರ ಬಿಚ್ಚಿದ. ಲಾರಿ ಟಯರನ್ನು ಸೀಳಿ ಹಲ್ಲುಗಳಿಗೆ ಕಟ್ಟಿದರೆ ಗಟ್ಟಿಯಾಯಿತು, ಬೀಜ ಮತ್ತೆ ಜಜ್ಜಿತು. ಸೈಕಲ್ ಟ್ಯೂಬು ಅರ್ಧ ತಾಸಿಗೇ ಹರಿಯಿತು. ಮೂರನೇ ದಿನ ಪಾಲಯ್ಯ ಲಾರಿಯ ಟ್ಯೂಬನ್ನು ಎರಡು ಪದರ ಮಡಿಸಿ ಸುತ್ತಿ, ಜಾಲರಿಯನ್ನು ನೂಲಿನೆಳೆಯಷ್ಟು ಕೆಳಗಿಳಿಸಿದ. ಬೀಜ ಬಿದ್ದ ರೀತಿ ಬೇರೆಯೇ ಆಗಿತ್ತು. ಆದರೂ ತಿಪ್ಪೇರುದ್ರಪ್ಪ ತನ್ನ ಕಣ್ಣನ್ನು ನಂಬಲಿಲ್ಲ. ಆ ಬೀಜ ಕಟ್ಟಿಕೊಂಡು ಸಾರಥಿಗೆ ಹೋದ.

"ನಾನು ಮೊದ್ಲೇ ಹೇಳಿದ್ದೆ. ಆದ್ರೂ ಯಾಕ ಕೊಟ್ಟೆ?" ಎಂದಳು ಅಂಜಿನವ್ವ.

"ತಪ್ಪಾತವ್ವಾ."

ಅವಳು ಗಂಟು ಬಿಚ್ಚಿದಳು. ಐವತ್ತು ಬೀಜ ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಒಲೆಯ ಪಕ್ಕದ ಬೆಚ್ಚಗಿನ ಮೂಲೆಯಲ್ಲಿಟ್ಟಳು. ನಾಲ್ಕನೆಯ ದಿನ ಅವನು ಮತ್ತೆ ಹೋದಾಗ ಗೋಣಿ ಬಿಚ್ಚಿ ತೋರಿಸಿದಳು. ನಲವತ್ತಾರರ ತುದಿಯಲ್ಲಿ ಬಿಳಿ ಮೊಳಕೆ ಮೂಡಿತ್ತು. "ಕೈಯಾಗೆ ಸುಲಿದ್ರೂ ಇಷ್ಟೇ ಬರ್ತಾವ," ಎಂದಳು.

ನಾಗರಾಜಪ್ಪನ ಗಿರಣಿಯ ಮುಂದೆ ಅಷ್ಟರಲ್ಲಿ ರೈತರು ಸೇರಿದ್ದರು. ತಿಪ್ಪೇರುದ್ರಪ್ಪ ಗುಂಪಿನ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದ. "ಮಾರಿದ ಇಪ್ಪತ್ತಮೂರು ಯಂತ್ರ ಯಾವ್ಯಾವ ಊರಾಗೆ ಅದಾವ ಬರ್ಕೊಡ್ರಿ. ನಾನು ಹೋಗಿ ಸರಿ ಮಾಡ್ತೀನಿ. ಮತ್ತೆ ಬಿತ್ತೋಕೆ ಕಾಯಿ ನೀವು ಕೊಡ್ರಿ."

ನಾಗರಾಜಪ್ಪ ಲೆಕ್ಕದ ಪುಸ್ತಕ ತೆಗೆದು ಊರುಗಳ ಹೆಸರು ಬರೆದುಕೊಟ್ಟ. "ನೀವು ಅವತ್ತು ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಿತ್ತು ಮೇಸ್ತ್ರಿ," ಎಂದ ಕೊನೆಗೆ. ತಿಪ್ಪೇರುದ್ರಪ್ಪನಿಗೆ ಸಿಟ್ಟು ಬಂತು. ಆದರೆ ಆ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಸಂಜೆಯೊಳಗೆ ಗೋದಾಮಿನಿಂದ ಶೇಂಗಾ ಚೀಲಗಳು ಗಾಡಿ ಏರಿದವು.

ಹನ್ನೊಂದು ದಿನ ಅವನೂ ಪಾಲಯ್ಯನೂ ರಬ್ಬರು ಪಟ್ಟಿಗಳ ಚೀಲ ಹೊತ್ತು ಊರೂರು ತಿರುಗಿದರು. ಬಸ್ಸು ಸಿಕ್ಕಲ್ಲಿ ಬಸ್ಸು, ಗಾಡಿ ಸಿಕ್ಕಲ್ಲಿ ಗಾಡಿ, ಉಳಿದ ಕಡೆ ಕೆಸರಿನಲ್ಲಿ ನಡಿಗೆ. ಕೆಲವರು ಬೈದರು, ಕೆಲವರು ಮಜ್ಜಿಗೆ ಕೊಟ್ಟರು. ಒಬ್ಬ ಯಂತ್ರವನ್ನು ಆಗಲೇ ಬಾವಿಗೆ ತಳ್ಳಿದ್ದ. ಪ್ರತಿ ಊರಿನಲ್ಲೂ ತಿಪ್ಪೇರುದ್ರಪ್ಪ ಅದೇ ಮಾತು ಹೇಳಿದ: ಬೀಜ ಹಾಳಾಗುತ್ತದೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ. ಹೇಳಿದಷ್ಟೂ ಹಗುರಾಗುತ್ತದೆ ಅಂದುಕೊಂಡಿದ್ದ. ಹಾಗೇನೂ ಆಗಲಿಲ್ಲ. ಸೊಂಟ ಹಿಡಿದುಕೊಂಡಿತು, ಅಂಗೈಯಲ್ಲಿ ಬೊಕ್ಕೆ ಎದ್ದವು.

ಕೊನೆಯ ಊರಿನಲ್ಲಿ ಪಟ್ಟಿ ಕಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದಾಗ ಆ ಮನೆಯ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ ಹತ್ತಿರ ಬಂದಳು.

"ಒಂದು ಮಾತು ಕೇಳ್ಲೇನ್ರಿ? ಈ ಹಿಡಿಕೆ ಯಾಕ ಇಷ್ಟು ಎತ್ತರ? ನಿಂತೇ ಆಡಿಸ್ಬೇಕು. ನಾವು ಕೂತು ಸುಲಿಯೋ ಮಂದಿ."

ಪಾಲಯ್ಯ ಮುಖ ಆ ಕಡೆ ತಿರುಗಿಸಿದ. ಕೊನೆಯ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ತಿಪ್ಪೇರುದ್ರಪ್ಪ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ದೊಡ್ಡದೊಂದು ಉಸಿರು ಬಿಟ್ಟ.

"ಕೂತ್ಕೊಳವ್ವಾ," ಎಂದ. "ಕೂತು ಕೈ ಮುಂದೆ ಚಾಚು. ಎಲ್ಲಿಗೆ ಬರ್ತೈತೆ ನೋಡಣ."