ಚೌಕಟ್ಟು ಮೊದಲು

ಆ ಚಿತ್ರಪ್ರದರ್ಶನದ ಗೈಡ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳಿರಬೇಕು. ನಾವು ಒಂದು ಕೋಣೆಗೆ ಕಾಲಿಡುವಷ್ಟರಲ್ಲಿ ಮುಂದಿನದಕ್ಕೆ ಕೈ ತೋರಿಸುತ್ತಿದ್ದಳು. ಫೋಟೊ ತೆಗೆಯುವಂತಿಲ್ಲ, ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬಹುದು, ಆದರೆ ಗುಂಪು ಬಿಟ್ಟು ನಿಲ್ಲುವಂತಿಲ್ಲ. ನಿಲ್ಲದೆ ಬರೆಯುವುದು ಹೇಗೆಂದು ಕೇಳಿದ್ದಕ್ಕೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ನಾನು ಬಂದದ್ದು ಒಂದೇ ಚಿತ್ರಕ್ಕಾಗಿ: ಮೂರನೆಯ ಕೋಣೆಯಲ್ಲಿ, ಕುರ್ಚಿಯ ಮೇಲೆ ಕುಳಿತ ಹೆಂಗಸು. ಅವಳು ತದ್ರೂಪು ನಮ್ಮ ಅಮ್ಮನೇ ಎಂದು ಚಿಕ್ಕಮ್ಮ ನೋಡಿ ಬಂದು ಹೇಳಿದ್ದಳು. ಚಿಕ್ಕಮ್ಮ ಕಡ್ಡಿಯನ್ನು ಗುಡ್ಡ ಮಾಡುವವಳು, ಅವಳ ಮಾತು ಎಷ್ಟು ನಂಬುವುದೋ. ಅಮ್ಮ ತೀರಿಕೊಂಡಾಗ ನನಗೆ ಎಂಟು ವರ್ಷ, ತಂಗಿ ತೊಟ್ಟಿಲ ಕೂಸು. ಮನೆಯಲ್ಲಿ ಅಮ್ಮನದೊಂದು ಫೋಟೊ ಇಲ್ಲ. ಪ್ರದರ್ಶನಕ್ಕೆ ಅಂದೇ ಕೊನೆ. ತಂಗಿಯ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್.

"ದಿನಾ ಗೆರೆ ಎಳೆಯೋನೇ ತಾನೆ ನೀನು. ಅವಳ ಮುಖ ಬರ್ಕೊಂಡು ಬಾ, ಅಣ್ಣಾ," ಎಂದಿದ್ದಳು.

ಗೆರೆ ಎಳೆಯುವವನು ಹೌದು. ಕಟ್ಟಡಗಳ ನಕ್ಷೆ ಬರೆದೇ ತಲೆ ನೆರೆತಿದೆ. ನಮ್ಮ ಕಸುಬಿನಲ್ಲಿ ಮೊದಲು ಅಂಚು, ಆಮೇಲೆ ಅಳತೆ, ಒಳಗಿನದೆಲ್ಲ ಕೊನೆಗೆ. ಆ ಚಿತ್ರದೆದುರಿಗೂ ಕೈ ತನ್ನಷ್ಟಕ್ಕೆ ಹಾಗೇ ಹೊರಟಿತು. ಪೆನ್ಸಿಲ್ ಚಾಚಿ, ಒಂದು ಕಣ್ಣು ಮುಚ್ಚಿ ಚೌಕಟ್ಟು ಅಳೆದೆ. ಕುರ್ಚಿಯ ಬೆನ್ನು ತಲೆಯ ಎರಡರಷ್ಟು, ರವಿಕೆಯ ತೋಳು ನೀಲಿ, ಬೆಳಕು ಎಡದಿಂದ ಎಂದು ಪಕ್ಕದಲ್ಲಿ ಬರೆದುಕೊಂಡೆ. ಅಷ್ಟರಲ್ಲಿ ಒಬ್ಬ ಆಜಾನುಬಾಹು ಎದುರಿಗೆ ಬಂದು ನಿಂತ. ಅವನು ಸರಿಯುವ ತನಕ ಕುರ್ಚಿಯ ಕಾಲು ತಿದ್ದಿದೆ. ಮುಖಕ್ಕೊಂದು ಮೊಟ್ಟೆಯಾಕಾರ ಹಾಕಿ, ಕಣ್ಣಿನ ಮಟ್ಟಕ್ಕೆ ಅಡ್ಡಗೆರೆ ಎಳೆದದ್ದೇ ತಡ, ಗೈಡ್ ಚಪ್ಪಾಳೆ ತಟ್ಟಿದಳು. ಇನ್ನೊಂದು ಗಳಿಗೆ ಎಂದು ಅಂಗಲಾಚಿದೆ. ಹಿಂದಿನ ಗುಂಪು ನುಗ್ಗಿ ನನ್ನನ್ನು ನಾಲ್ಕನೆಯ ಕೋಣೆಗೆ ತಳ್ಳಿತು. ವಾಪಸು ಹೋಗಲು ಕಾವಲಿನವನು ಬಿಡಲಿಲ್ಲ. ಟಿಕೆಟ್ ಕೊಡುವ ಕಿಟಕಿಯೂ ಮುಚ್ಚಿತ್ತು.

ದಾರಿಯುದ್ದಕ್ಕೂ ಗೈಡನ್ನೂ ಆ ಉದ್ದನೆಯವನನ್ನೂ ಬೈದುಕೊಂಡೆ. ಮನೆಗೆ ಬಂದು ತಂಗಿಯೆದುರು ಮತ್ತೆ ಅದನ್ನೇ ಶುರು ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳು ಛೇಡಿಸಿ, ಹಾಳೆಗೆ ಕೈ ಚಾಚಿದಳು. ನೋಡುತ್ತ ನೋಡುತ್ತ ಅವಳ ನಗು ಇಳಿಯಿತು. ಕುರ್ಚಿ ಚೆನ್ನಾಗಿ ಬಂದಿದೆ ಎಂದಳು. ಬೈದಿದ್ದರೇ ವಾಸಿಯಿತ್ತು.

"ಹೋಗ್ಲಿ ಬಿಡು. ಬರೆಯೋಕಾಗ್ದಿದ್ರೆ ಏನಂತೆ, ಕಣ್ಣಾರೆ ನೋಡಿದ್ಯಲ್ಲ. ಅಮ್ಮನ ಹಾಗೇ ಇದ್ಲಾ? ಅದೊಂದು ಹೇಳು, ಸಾಕು."

ಆ ಮುಖವನ್ನು ನೆನೆಯಲು ನೋಡಿದೆ. ತಲೆಯ ಉದ್ದ ಗೊತ್ತಿತ್ತು. ಗಲ್ಲದಿಂದ ಭುಜಕ್ಕೆ ಎಷ್ಟು ದೂರ ಎಂಬುದೂ ಗೊತ್ತಿತ್ತು. ಅಳೆಯುವ ಗಡಿಬಿಡಿಯಲ್ಲಿ ನಾನು ಆ ಹೆಂಗಸಿನ ಮುಖವನ್ನು ನೋಡಿಯೇ ಇರಲಿಲ್ಲ.

"ಹೂಂ, ಹಾಗೇ ಇದ್ಲು," ಎಂದೆ.

ದಿಂಬಿಗೆ ಒರಗಿದ್ದ ತಂಗಿ ಪ್ಲಾಸ್ಟರಿನ ಕಾಲನ್ನು ಎಳೆದುಕೊಂಡು ನೆಟ್ಟಗೆ ಕೂತಳು.

"ಹಾಗೇ ಅಂದ್ರೆ ಹೇಗೆ, ಅಣ್ಣಾ?"