ಡಿಂಪ್ನಾ ಕುರ್ಚಿ ಬಿಟ್ಟೆದ್ದ ದಿನ

ಕಿಲ್ಡರಾಗ್ ಊರಿನಲ್ಲಿ ಇರುವುದೇ ಅರವತ್ತಮೂರು ಜನ. ಸಂತ ಪ್ಯಾಟ್ರಿಕ್ಕನ ಹಬ್ಬದ ಮೆರವಣಿಗೆಯಲ್ಲಿ ನಡೆಯುವವರು ಅರವತ್ತೆರಡು. ಉಳಿದ ಒಬ್ಬಳು ಡಿಂಪ್ನಾ ಗೀನಿ. ಅಂಚೆ ಕಚೇರಿಯ ಗೋಡೆಗೆ ಒರಗಿಸಿದ ಅಡುಗೆಮನೆ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುವುದು ಅವಳ ಕೆಲಸ.

ಹೀಗೇ ಆಗಬೇಕೆಂದು ಯಾರೂ ಕಾನೂನು ಮಾಡಿರಲಿಲ್ಲ. ನಲವತ್ತೊಂದು ವರ್ಷದ ಕೆಳಗೆ, ಮೊದಲ ಮೆರವಣಿಗೆ ಹೊರಟ ಸಲ, ಟಗರು ಗುದ್ದಿ ಅವಳ ಸೊಂಟ ಮುರಿದಿತ್ತು. ಪಾಪ, ನಡೆಯಲಾರಳು ಎಂದು ಕುರ್ಚಿ ಹಾಕಿ ಕೂರಿಸಿದರು. ಅವಳು ಎಂಥಾ ಚಪ್ಪಾಳೆ ತಟ್ಟಿದಳೆಂದರೆ ಚರ್ಚಿನ ಗೋಪುರದ ಕಾಗೆಗಳೆಲ್ಲ ಎದ್ದು ಹಾರಿಹೋದವು, ಈಸ್ಟರ್ ಕಳೆಯುವ ತನಕ ತಿರುಗಿ ಬರಲಿಲ್ಲ. ಅಂದಿನಿಂದ ಕುರ್ಚಿ ಅವಳ ಹೆಸರಿಗೇ ಆಯಿತು. ಸೊಂಟ ಮಾತ್ರ ನೆಟ್ಟಗಾಗಲಿಲ್ಲ.

ಈ ಜನವರಿಯಲ್ಲಿ ಗಾಲ್ವೆ ಪಟ್ಟಣದ ಡಾಕ್ಟರು ಅವಳಿಗೆ ಹೊಸ ಸೊಂಟ ಹಾಕಿದರು. ಎಂಬತ್ತನಾಲ್ಕರ ಮುದುಕಿ ಫೆಬ್ರವರಿಯಲ್ಲಿ ಗುಡ್ಡ ಹತ್ತಿ ಇಳಿದಳು. ಮಾರ್ಚಿನ ಮೊದಲ ವಾರ, ತಪ್ಪಿಸಿಕೊಂಡ ಕುರಿಯನ್ನು ಅಟ್ಟಿಸಿಕೊಂಡು ಹೋಗಿ, ಕುರಿಯನ್ನೂ ದಾಟಿ ಮುಂದೆ ಹೋಗಿ, ತಿರುಗಿ ನಿಂತು ಕುರಿ ಬರುವುದನ್ನು ಕಾದಳು. ಕಾದು ಬೇಸರವಾಗಿ ಸೀದಾ ಮಲಾಕಿಯ ಪಬ್ಬಿಗೆ ನಡೆದಳು.

ಊರಿಗೆ ಇದ್ದದ್ದು ಅದೊಂದೇ ಪಬ್ಬು. ಮೆರವಣಿಗೆಯ ಯಜಮಾನಿಕೆ ಮಲಾಕಿಯದೇ, ಮುಂದೆ ಸಂತನ ವೇಷ ಹಾಕಿ ನಡೆಯುವವನೂ ಅವನೇ. ರಟ್ಟಿನ ಬಿಷಪ್ ಟೋಪಿಗೆ ಚಿನ್ನದ ಕಾಗದ ಅಂಟಿಸುತ್ತಾ ಕೂತಿದ್ದ.

“ಮಲಾಕಿ, ಈ ಸಲ ನಾನೂ ನಡೀತೀನಿ ಕಣೋ.”

“ಎಲ್ಲಿಗೆ ಡಿಂಪ್ನಕ್ಕ?”

“ಎಲ್ಲಿಗೆ ಅಂದ್ರೆ? ಮೆರವಣಿಗೇಲಿ.”

ಮಲಾಕಿಯ ಗಡ್ಡಕ್ಕೆ ಅಂಟು ಮೆತ್ತಿಕೊಂಡಿತು. “ನೀನೂ ನಡೆದ್ರೆ ನೋಡೋರು ಯಾರು? ನೋಡೋರಿಲ್ದಿದ್ರೆ ಅದು ಮೆರವಣಿಗೆ ಅಲ್ಲ, ಊರಿಗೂರೇ ದಾರಿ ತಪ್ಪಿಸ್ಕೊಂಡ ಹಾಗೆ.”

“ಪಕ್ಕದೂರೋರನ್ನ ಕರಿ.”

“ಅವತ್ತು ಅವರದೂ ಮೆರವಣಿಗೆ ಇರುತ್ತಲ್ಲಕ್ಕ. ದೇಶಕ್ಕೆ ದೇಶವೇ ರಸ್ತೇಲಿರುತ್ತೆ. ಅಮೆರಿಕದಲ್ಲಿ ನೋಡು, ಈ ಹಬ್ಬಕ್ಕೆ ನದಿಗೇ ಹಸಿರು ಬಣ್ಣ ಹಾಕ್ತಾರಂತೆ. ನೋಡೋಕೆ ಲಕ್ಷ ಜನ!”

“ಪಾಪ, ಅವ್ರು ಹಾಕ್ಕೋಬೇಕು. ನಮ್ಮ ಗುಡ್ಡಕ್ಕೆ ದೇವ್ರೇ ಹಾಕಿ ಕಳ್ಸಿದಾನೆ, ಎಷ್ಟು ಮಳೆ ಬಿದ್ರೂ ಹೋಗಲ್ಲ.”

ಮಲಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಹೂಂ ಅನ್ನಲಿಲ್ಲ.

ಡಿಂಪ್ನಾಗೆ ತನ್ನ ಅಣ್ಣ ಕೋಲ್ಮನ್ನನ ನೆನಪು. ಇಂಗ್ಲೆಂಡಿನಲ್ಲಿ ರಸ್ತೆ ಅಗೆಯುವ ಕೆಲಸಕ್ಕೆ ಹೋದವನು ಅವನು. ಪ್ರತಿ ವರ್ಷ ಹಬ್ಬಕ್ಕೆ ಅಮ್ಮ ಸಂತನ ಗುರುತಾದ ಮೂರೆಲೆಯ ಶಾಮ್‌ರಾಕ್ ಸೊಪ್ಪನ್ನು ಬೇರು ಮಣ್ಣು ಸಮೇತ ಕಿತ್ತು, ಒದ್ದೆ ಹತ್ತಿಯಲ್ಲಿ ಸುತ್ತಿ, ಬೆಂಕಿಪೊಟ್ಟಣದಲ್ಲಿಟ್ಟು ಅಂಚೆಗೆ ಹಾಕುತ್ತಿದ್ದಳು. ಅವನು ಅದನ್ನು ಕೋಟಿಗೆ ಚುಚ್ಚಿಕೊಂಡು, ಜನ ಅಣಕಿಸಿದರೂ ತಲೆ ಎತ್ತಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದನಂತೆ. ಪರದೇಶದಲ್ಲಿ ಅವನು ನಡೆದ. ತನ್ನೂರಲ್ಲೇ ಇದ್ದೂ ತಾನು ಬರೀ ಕೂತಳು. ಒಂದೇ ಒಂದು ಸಲ ಶಾಮ್‌ರಾಕ್ ಚುಚ್ಚಿಕೊಂಡು ಈ ಬೀದಿಯಲ್ಲಿ ನಡೆಯಬೇಕು, ಅಷ್ಟೇ ಅವಳ ಆಸೆ.

ಮಾರ್ಚ್ ಹದಿನೇಳು ಬಂತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳೆಂದು ಡಿಂಪ್ನಾ ಚಹಾಕ್ಕೆ ಸಕ್ಕರೆ ಬಿಟ್ಟಿದ್ದಳು. ಸಂತನ ದಿನ ಎಲ್ಲಕ್ಕೂ ರಿಯಾಯಿತಿ ಉಂಟು, ಹಾಗಾಗಿ ಐದು ಚಮಚ ಹಾಕಿ ಕುಡಿದಳು. ಚಮಚ ಲೋಟದಲ್ಲಿ ನೆಟ್ಟಗೆ ನಿಂತಿತು. ಚರ್ಚಿನಲ್ಲಿ ಪೂಜೆ ಮುಗಿಸಿ, ಶಾಮ್‌ರಾಕ್ ಚುಚ್ಚಿಕೊಂಡು, ಕುರ್ಚಿಯ ಮುಂದೆಯೇ ಹಾದು ಹೋಗಿ ಮೆರವಣಿಗೆಯ ಬಾಲಕ್ಕೆ ನಿಂತಳು.

ಮುಂದೆ ಮಲಾಕಿ, ಅವನ ಹಿಂದೆ ಹಗ್ಗ ಕಟ್ಟಿ ಎಳೆಯುವ ರಬ್ಬರ್ ಪೈಪು. ಅದು ಸಂತ ದೇಶದಿಂದಲೇ ಓಡಿಸಿದನೆಂಬ ಹಾವು. ಆಮೇಲೆ ಎರಡು ಅಕಾರ್ಡಿಯನ್ ವಾದ್ಯ, ಒಂದು ಡೋಲು, ಒಂಬತ್ತು ಟ್ರ್ಯಾಕ್ಟರು, ರಿಬ್ಬನ್ ಕಟ್ಟಿದ ಕುರಿಗಳು. ಮಲಾಕಿ ತಿರುಗಿ ನೋಡಿದ. ಕುರ್ಚಿ ಖಾಲಿ! ನಿಲುವಂಗಿ ಎತ್ತಿಕೊಂಡು ಹಿಂದಕ್ಕೆ ಓಡಿ ಬಂದ.

“ಡಿಂಪ್ನಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಹೋಗಿ ಕೂತ್ಕೋ.”

“ಬೀಳು. ದಾಟ್ಕೊಂಡು ನಡೀತೀನಿ.”

“ಲೋ, ಯಾರಾದ್ರೂ ಒಬ್ರು ಕೂತ್ಕೊಳ್ರೋ!” ಎಂದು ಮಲಾಕಿ ಕೂಗಿದ.

ಊರಿನ ತುಂಬ ನೆಪಗಳು ಹುಟ್ಟಿಕೊಂಡವು. ಡೋಲಿನವನು ಡೋಲು ತಾನಾಗಿ ನಡೆಯುವುದಿಲ್ಲ ಎಂದ. ಟ್ರ್ಯಾಕ್ಟರಿನ ಫಾಕ್ನಾ, “ನನ್ನ ಗಾಡಿಗೆ ಬ್ರೇಕಿಲ್ಲ, ನಿಲ್ಸೋಕಾಗಲ್ಲ” ಎಂದ. ಆ ಟ್ರ್ಯಾಕ್ಟರು ಅಷ್ಟು ಹೊತ್ತೂ ನಿಂತೇ ಇತ್ತು. ಪಾದ್ರಿಗಳು ಆಕಾಶ ನೋಡಿದರು.

ಎಲ್ಲರ ಮುಖವೂ ಸಣ್ಣದಾಗುವುದನ್ನು ಡಿಂಪ್ನಾ ಕಂಡಳು. ಕುರ್ಚಿಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟೂ ಬಿಟ್ಟಳು. ಆಮೇಲೆ ನಿಂತಳು.

“ನಿಮಗೊಂದು ಗೊತ್ತೇನ್ರೋ? ನೀವು ಎಷ್ಟು ಚಂದ ಕಾಣ್ತೀರಿ ಅಂತ ಈ ಊರಲ್ಲಿ ಗೊತ್ತಿರೋದು ನನಗೊಬ್ಬಳಿಗೇ. ಮಲಾಕಿ, ನಿನ್ನ ಹಾವು ಹೇಗೆ ಹೊರಳುತ್ತೆ ಅಂತ ನೀನು ನೋಡಿದೀಯಾ?”

“ಅದು ಹಿಂದೆ ಇರುತ್ತಲ್ಲಕ್ಕ.”

“ಫಾಕ್ನಾ, ನಿಮ್ಮಪ್ಪನ ಟ್ರ್ಯಾಕ್ಟರ್ ಬಿಸಿಲಿಗೆ ಹೊಳೆಯೋದು?”

“ಮೇಲೆ ಕೂತೋನಿಗೆ ಏನಜ್ಜಿ ಕಾಣುತ್ತೆ?”

“ನಲವತ್ತೊಂದು ವರ್ಷ ನಿಮ್ಮ ಪಾಲಿಂದೂ ನಾನೇ ನೋಡಿದೀನಿ. ಸಾಕು. ಮೆರವಣಿಗೇನ ಚರ್ಚಿನ ಹತ್ರ ಮುಗಿಸ್ಬೇಡ ಮಲಾಕಿ, ತಿರುಗ್ಸು. ಇದೇ ರಸ್ತೇಲಿ ವಾಪಸ್ ಬನ್ನಿ. ಹೋಗೋರು ಬರೋರನ್ನ ನೋಡ್ಲಿ, ಬರೋರು ಹೋಗೋರನ್ನ ನೋಡ್ಲಿ.”

ಮಲಾಕಿ ಬಾಯಿ ತೆರೆದ. ಅವನ ಬಾಯಿ ಮುಚ್ಚುವಷ್ಟರಲ್ಲಿ ಡೋಲು ಶುರುವಾಗಿತ್ತು.

ಚರ್ಚಿನ ಮುಂದೆ ಮೆರವಣಿಗೆಯ ತಲೆ ಹಿಂದಕ್ಕೆ ತಿರುಗಿತು, ಬಾಲಕ್ಕೆ ಎದುರಾಯಿತು. ರಸ್ತೆಯೋ, ಎರಡು ಕತ್ತೆ ಎದುರಾದರೆ ನೆಂಟಸ್ತನ ಬೆಳೆಸಿಯೇ ದಾಟಬೇಕು, ಅಷ್ಟು ಸಣ್ಣದು. ಫಾಕ್ನಾನ ಟ್ರ್ಯಾಕ್ಟರು ಬೇಲಿಗೆ ನುಗ್ಗಿತು, ಕುರಿಗಳು ಅಕಾರ್ಡಿಯನ್ನಿನವರ ಕಾಲ ಸಂದಿಯಲ್ಲಿ ನುಸುಳಿದವು. ಆದರೆ ಜನ ಒಬ್ಬರನ್ನೊಬ್ಬರು ನೋಡಿದರು. “ಅಯ್ಯೋ, ನಾವು ಹೀಗಿದೀವಾ!” ಎಂದಳು ಪೋಸ್ಟಿನವಳು. ಡೋಲಿನವನ ಕಣ್ಣಲ್ಲಿ ನೀರು ಬಂತು, ತಪ್ಪನ್ನು ಗಾಳಿಯ ಮೇಲೆ ಹಾಕಿದ.

ಡಿಂಪ್ನಾ ಕಟ್ಟಕಡೆಯವಳಾದ್ದರಿಂದ ಇಡೀ ಊರು ಅವಳಿಗೆ ಎದುರಾಗಿ ಹಾದುಹೋಗಬೇಕಾಯಿತು. ಹಾದವರೆಲ್ಲ ಚಪ್ಪಾಳೆ ತಟ್ಟಿದರು. ಅಭ್ಯಾಸ ನೋಡಿ, ಅವಳ ಕೈಯೂ ಎದ್ದಿತು.

“ಅಜ್ಜೀ, ಕೈ ಕೆಳಗೆ!” ಬೇಲಿಯೊಳಗಿಂದ ಫಾಕ್ನಾ ಕೂಗಿದ. “ಇವತ್ತು ಚಪ್ಪಾಳೆ ನಮ್ದು. ನೀನು ನಡಿ!”

ಅವಳು ಕೈ ಇಳಿಸಿ, ಶಾಮ್‌ರಾಕ್ ಎಲ್ಲರಿಗೂ ಕಾಣುವಂತೆ ಎದೆ ಸೆಟೆಸಿ, ಕೋಲ್ಮನ್ ನಡೆದಂತೆಯೇ ನಡೆದಳು.

ಪಕ್ಕದೂರಿನ ಮೆರವಣಿಗೆ ಇಪ್ಪತ್ತು ನಿಮಿಷಕ್ಕೆ ಮುಗಿದಿತ್ತು. ಕಿಲ್ಡರಾಗಿನದು ಮಧ್ಯಾಹ್ನ ಮೂರಾದರೂ ಮುಗಿಯಲಿಲ್ಲ. ಮಳೆ ಹಿಡಿದು ಮಲಾಕಿಯ ಟೋಪಿ ಮೂಗಿನ ಮೇಲೆ ಇಳಿಯಿತು.

“ಸಾಕಾ ಡಿಂಪ್ನಕ್ಕ?”

“ಸಾಕಾ? ಸೊಂಟ ಈಗ್ತಾನೆ ಬಿಸಿ ಆಗ್ತಿದೆ. ತಿರುಗ್ಸೋ ಇನ್ನೊಂದ್ಸಲ!”